ಕಡಲಿಗೆ ಬೀಗವುಂಟು, ಕಾವಲಿಲ್ಲ



ಪ್ರತಿವರ್ಷ ಜೂನ್ ತಿಂಗಳ ಮೊದಲ ದಿನ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಮಲ್ಪೆಯ ಚಿತ್ರವೊಂದು ತಪ್ಪದೆ ಬಂದು ಸೇರುತ್ತದೆ. ದಕ್ಕೆಯುದ್ದಕ್ಕೂ ಬೋಟುಗಳು ಒಂದಕ್ಕೊಂದು ಆತು ನಿಂತಿರುತ್ತವೆ, ಬಲೆಗಳು ದಡ ಸೇರಿರುತ್ತವೆ, ಮೇಲೆ ಮುಂಗಾರಿನ ಕಾರ್ಮೋಡ. ಕೆಳಗೆ ಒಕ್ಕಣೆ: ಕಡಲಮ್ಮನಿಗೆ ಎರಡು ತಿಂಗಳ ವಿಶ್ರಾಂತಿ, ಮೀನಿಗೆ ಬಾಣಂತನ. ಅದರ ಹಿಂದೆಯೇ ಕೈಮುಗಿದ ಚಿಹ್ನೆಗಳ ಸುರಿಮಳೆ. ನಮ್ಮವರ ವಿವೇಕ ಎಂಥದ್ದು, ಪ್ರಕೃತಿಯ ಜೊತೆಗಿನ ನಮ್ಮ ಬಾಂಧವ್ಯ ಎಂಥದ್ದು ಎಂಬ ಸಂತೃಪ್ತ ಮಾತುಗಳು. ಈ ಸಂತೃಪ್ತಿಗೆ ಆಧಾರ ತೆಳುವಾದದ್ದು ಎಂದು ವಾದಿಸುವುದೇ ಈ ಲೇಖನದ ಉದ್ದೇಶ. ಕೆಲವರಿಗೆ ಸಿಟ್ಟು ಬರಬಹುದು, ಬರಲಿ, ಚರ್ಚೆಯಾಗಲಿ.

ನಿಷೇಧವೇನೋ ನಿಜ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಬಲದಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು, ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಹೊತ್ತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಾರರು ಈ ನಿಯಮವನ್ನು ಬಹುಮಟ್ಟಿಗೆ ಪಾಲಿಸುತ್ತಾರೆ ಎಂಬುದೂ ನಿಜ. ಆದರೆ ಈ ಬೀಗವನ್ನು ಹಾಕುವ ದಿನ, ತೆಗೆಯುವ ದಿನ ಎರಡೂ ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿರುತ್ತವೆ. ಆ ವರ್ಷ ಮೀನಿನ ಹೊಟ್ಟೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿ ದಿನಾಂಕ ಗೊತ್ತುಮಾಡುವ ಪದ್ಧತಿ ನಮ್ಮಲ್ಲಿಲ್ಲ. ಆಗಸ್ಟ್ 1ರ ಬೆಳಗಿನ ಜಾವ ಬೀಗ ತೆರೆಯುವಾಗ, ಒಳಗಿದ್ದ ಬಾಣಂತಿಗೆ ಹೆರಿಗೆಯಾಯಿತೇ, ಮಕ್ಕಳು ಉಳಿದವೇ ಎಂದು ಯಾರೂ ಕೇಳುವುದಿಲ್ಲ. ಹೆರಿಗೆ ಕೋಣೆಯ ಬಾಗಿಲಿಗೆ ಬೀಗ ಜಡಿದು ಸೂಲಗಿತ್ತಿಯನ್ನು ಹೊರಗೇ ನಿಲ್ಲಿಸಿದ ಮನೆಯನ್ನು ನಾವು ವಿವೇಕಿಗಳ ಮನೆ ಎನ್ನುತ್ತೇವೆಯೇ?

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಸಂಘದ ಅರ್ಧಕ್ಕರ್ಧ ಕುಟುಂಬಗಳು ಮೀನನ್ನು ಮುಟ್ಟುವುದಿಲ್ಲ; ಉಳಿದರ್ಧದಲ್ಲಿ ಬಯಲುಸೀಮೆಯವರೇ ಹೆಚ್ಚು. ಫೆಲ್ಥಮ್‌ನಲ್ಲಿ ಕುಳಿತು ಉಳ್ಳಾಲದ ಬೂತಾಯಿಯ ಬಸಿರಿನ ಬಗ್ಗೆ ತಲೆಕೆಡಿಸಿಕೊಳ್ಳುವುದು ಏತಕ್ಕೆ? ಕಾವೇರಿಯ ನೀರು ಕುಡಿಯದ ಕಾರವಾರದವರೂ ಕಾವೇರಿಯ ಬಗ್ಗೆ ಮಾತನಾಡುತ್ತಾರಲ್ಲ, ಅದೇ ಕಾರಣಕ್ಕೆ. ತಲಪಾಡಿಯಿಂದ ಕಾರವಾರದಾಚೆಯವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ತೀರ ಕನ್ನಡನಾಡಿನ ಅಂಚಿನ ಜರಿಯಷ್ಟೇ ಅಲ್ಲ, ಲಕ್ಷಾಂತರ ಮಂದಿಯ ಅನ್ನದ ಬಟ್ಟಲು. ಹೊರನಾಡಿನ ನಮಗೆ ಅದು ಪ್ರವಾಸದ ಚಿತ್ರಪಟವಾಗಿ ಮಾತ್ರ ಉಳಿದರೆ ಅದು ನಮ್ಮದೇ ಕೊರತೆ.

ಮೀನಿನ ಸಂಗತಿಗೇ ಬರೋಣ. ಮಂಗಳೂರಿನವರ ಬೂತಾಯಿ, ಕುಂದಾಪುರದವರ ಬೈಗೆ, ಕಾರವಾರದ ಕಡೆಯ ತಾರ್ಲೆ, ಕೇರಳದವರ ಮತ್ತಿ: ಎಲ್ಲವೂ ಒಂದೇ ಮೀನು, ಎಣ್ಣೆ ಸಾರ್ಡೀನ್. ಅದರ ಆಯುಷ್ಯ ಹೆಚ್ಚೆಂದರೆ ಎರಡೂವರೆ ವರ್ಷ. ಒಂದು ವರ್ಷ ತುಂಬುವ ಹೊತ್ತಿಗೆ ಸುಮಾರು 15 ಸೆಂಟಿಮೀಟರ್ ಬೆಳೆದು ಮೊದಲ ಬಸಿರು ಕಟ್ಟುತ್ತದೆ. ಮುಂಗಾರು ಹಿಡಿದುಕೊಂಡಂತೆ, ರಾತ್ರಿಯ ವೇಳೆ, ಒಂದೊಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮೊಟ್ಟೆಗಳು ತೇಲುತ್ತವೆ, ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಆಮೇಲಿನ ಕೆಲವು ದಿನಗಳೇ ನಿರ್ಣಾಯಕ. ಆ ಎಳೆಮರಿಯ ಬಾಯಿಗೆ ನಿಲುಕುವಷ್ಟು ಸೂಕ್ಷ್ಮವಾದ ಆಹಾರ ಅಲ್ಲೇ ಸುತ್ತಮುತ್ತ ಇರಬೇಕು. ಇಲ್ಲದಿದ್ದರೆ ಹತ್ತಾರು ಸಾವಿರವೂ ಸೊನ್ನೆಯೇ.

ಆ ಆಹಾರವನ್ನು ಒದಗಿಸುವುದು ಮುಂಗಾರೇ. ಆ ಕಾಲದ ಗಾಳಿ ತೀರದ ಮೇಲ್ನೀರನ್ನು ಆಚೆಗೆ ತಳ್ಳಿದಾಗ ತಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಬಿಸಿಲು ಕಂಡೊಡನೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ನೀರಿನ ತುಂಬ ಹಬ್ಬುತ್ತದೆ. ಬೂತಾಯಿಯ ಬಸಿರಿಗೂ ಈ ಹಬ್ಬಕ್ಕೂ ಲಗ್ನ ಕೂಡಿಬಂದರೆ ಸೆಪ್ಟೆಂಬರಿನ ಹೊತ್ತಿಗೆ ಕಡಲು ಮರಿಗಳಿಂದ ತುಂಬಿ ತುಳುಕುತ್ತದೆ. ಲಗ್ನ ತಪ್ಪಿದರೆ, ಎಂದರೆ ಮುಂಗಾರು ತಡವಾದರೆ, ಗಾಳಿ ಸೋತರೆ, ನೀರು ಕಾದರೆ, ಆ ವರ್ಷದ ಪೀಳಿಗೆಯೇ ಇಲ್ಲವಾಗುತ್ತದೆ. ಎರಡೂವರೆ ವರ್ಷ ಬದುಕುವ ಜೀವಿಗೆ ಸತತ ಎರಡು ವರ್ಷ ಹೀಗಾದರೆ ಏನಾಗಬಹುದೆಂದು ಲೆಕ್ಕ ಹಾಕಲು ವಿಜ್ಞಾನಿಯೇ ಆಗಬೇಕಿಲ್ಲ. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಲಕ್ಷ ಎಂಬ ಪದವೇ ಆ ಲೆಕ್ಕದಿಂದ ಬಿದ್ದುಹೋಯಿತು. ಅತಿಹಿಡಿತ ಒಂದೇ ಇದಕ್ಕೆ ಕಾರಣವಲ್ಲ. ನಡುವೆ 2015-16ರ ಪ್ರಬಲ ಎಲ್ ನಿನೋ ಬಂದುಹೋಗಿದೆ. ಆದರೆ ಕಡಲು ಹೀಗೆ ತನ್ನ ಪಂಚಾಂಗ ಬದಲಿಸಿಕೊಳ್ಳುವಾಗ ನಮ್ಮ ಸರ್ಕಾರಿ ಪಂಚಾಂಗ ಮಾತ್ರ ಅಲುಗಾಡಲಿಲ್ಲ ಎಂಬುದು ಗಮನಿಸಬೇಕಾದ ಅಂಶ.

ಇಷ್ಟೂ ಒಂದೇ ಮೀನಿನ ಕಥೆ. ಬಂಗುಡೆ ಒಮ್ಮೆಗೇ ಮೊಟ್ಟೆಯಿಟ್ಟು ಮುಗಿಸುವುದಿಲ್ಲ, ಕಂತುಕಂತಾಗಿ ಇಡುತ್ತದೆ. ಅಂಜಲಿನ ಲೆಕ್ಕ ಬೇರೆ. ಸಿಗಡಿ ಕಡಲಲ್ಲಿ ಮೊಟ್ಟೆಯಿಟ್ಟರೂ ಅದರ ಮರಿಗಳು ಅಳಿವೆಗಳನ್ನು ಹೊಕ್ಕು, ಅಘನಾಶಿನಿಯ ದಡದ ಗಜನಿಗಳಂಥ ಉಪ್ಪುನೀರಿನಲ್ಲಿ ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಎಲ್ಲರಿಗೂ ಸೇರಿ ಒಂದೇ ರಜೆ ಎಂಬುದು, ಮನೆಯ ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ತಿಂಗಳಲ್ಲಿ ಸೀಮಂತ ಎಂದು ಸರ್ಕಾರ ಆದೇಶ ಹೊರಡಿಸಿದಂತೆ.

ದಿನಾಂಕಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡಿದರೆ ಅವುಗಳ ಮೇಲಿನ ಭಕ್ತಿ ಇನ್ನಷ್ಟು ಕಡಿಮೆಯಾಗುತ್ತದೆ. ದಕ್ಷಿಣ ಕನ್ನಡವಿನ್ನೂ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿಯೇ ಬೂತಾಯಿ ದೀರ್ಘಕಾಲ ಕೈಕೊಟ್ಟಿತ್ತು. ಬಸಿರು ಮೀನನ್ನೂ ಮರಿಗಳನ್ನೂ ಹಿಡಿಯದಂತೆ ಮದರಾಸು ಸರ್ಕಾರ 1943ರಲ್ಲಿಯೇ ನಿರ್ಬಂಧ ಹೇರಿತು. ಅದನ್ನು ಜಾರಿಗೊಳಿಸಲು ಸಾಧ್ಯವಾಗಲಿಲ್ಲ, ಫಲವೂ ಕಾಣಲಿಲ್ಲ. ಕೆಲವೇ ವರ್ಷಗಳಲ್ಲಿ ಹಿಂದೆಗೆದುಕೊಂಡಿತು. ಕಾಗದದ ಮೇಲಿನ ಕಾನೂನು ಕಡಲಿನೊಳಗೆ ಇಳಿಯದು ಎಂಬ ಪಾಠ ಆಗಲೇ ಸಿಕ್ಕಿತ್ತು. ಮುಂದೆ ಮಳೆಗಾಲದ ನಿಷೇಧ ರಾಜ್ಯಕ್ಕೊಂದು ರೀತಿಯಾಗಿ ಬೆಳೆಯಿತು. 2015ರಲ್ಲಿ ಕೇಂದ್ರ ಸರ್ಕಾರ 47 ದಿನಗಳ ನಿಷೇಧವನ್ನು 61ಕ್ಕೆ ಏರಿಸಿತು. ಕೇರಳ ಒಪ್ಪಲಿಲ್ಲ, ಈಗ ಅಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ನಡುರಾತ್ರಿಯಿಂದ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14.

ಈಗ ತಲಪಾಡಿಯ ಗಡಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಜೂನ್ ತಿಂಗಳ ಮೊದಲ ವಾರ, ಉಳ್ಳಾಲದ ಬೋಟು ದಡದಲ್ಲಿ ನಿಂತಿದೆ. ಗಡಿಯಾಚೆ ಕಾಸರಗೋಡಿನ ಬೋಟು, ಅದರಲ್ಲೂ ಕನ್ನಡವನ್ನೋ ತುಳುವನ್ನೋ ಆಡುವ ನಮ್ಮವರೇ ಇರಬಹುದು, ಅದೇ ಮೀನಿನ ಹಿಂಡಿನ ಮೇಲೆ ಬಲೆ ಬೀಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಬೂತಾಯಿ ಗುಂಪು ಮಂಜೇಶ್ವರದಿಂದ ಸೋಮೇಶ್ವರಕ್ಕೆ ಈಜಿದರೆ ಅದಕ್ಕೆ ಬಾಣಂತನ, ಹಿಂದಿರುಗಿದರೆ ಬೇಟೆ. ಆ ನಡುವಿನ ಎಂಟೊಂಬತ್ತು ದಿನಗಳ ವ್ಯತ್ಯಾಸಕ್ಕೆ ಜೀವಶಾಸ್ತ್ರದಲ್ಲಿ ಸಮರ್ಥನೆ ಹುಡುಕಿದರೆ ಸಿಗುವುದಿಲ್ಲ. ತಿರುವನಂತಪುರ, ಬೆಂಗಳೂರು, ದೆಹಲಿಗಳ ನಡುವಿನ ಚೌಕಾಸಿಯಲ್ಲಿ ಸಿಗುತ್ತದೆ.

ಹಾಗಾದರೆ ನೋಡುವವರು ಯಾರೂ ಇಲ್ಲವೇ? ಇದ್ದಾರೆ, ಅವರಿಗೆ ಅನ್ಯಾಯವಾಗಬಾರದು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಿಂದಲೂ ಕೆಲಸ ಮಾಡುತ್ತಿದೆ. ಮಂಗಳೂರಿನಲ್ಲೂ ಕಾರವಾರದಲ್ಲೂ ಅದರ ಕೇಂದ್ರಗಳಿವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದು, ದೇಶದಲ್ಲೇ ಮೊದಲನೆಯದು. ಬೂತಾಯಿಯ ಬಗ್ಗೆ ಮೇಲೆ ನಾನು ಹೇಳಿದ ಪ್ರತಿಯೊಂದು ಮಾತೂ ಇಂಥ ಸಂಸ್ಥೆಗಳ ಹಲವು ದಶಕಗಳ ದುಡಿಮೆಯಿಂದ ಬಂದದ್ದು. ಆದರೆ ಅವರ ವೀಕ್ಷಣೆಯ ವಿಧಾನದಲ್ಲಿಯೇ ಒಂದು ಕುರುಡು ಕೋಣೆಯಿದೆ. ಅವರು ಮುಖ್ಯವಾಗಿ ದಕ್ಕೆಗಳಲ್ಲಿ ಇಳಿಯುವ ಮೀನಿನ ಮಾದರಿ ತೆಗೆದು ಅಳೆಯುತ್ತಾರೆ, ಕೊಯ್ದು ನೋಡುತ್ತಾರೆ. ಬೋಟುಗಳೇ ಹೋಗದ ಜೂನ್ ಮತ್ತು ಜುಲೈನಲ್ಲಿ ದಕ್ಕೆಗೆ ಏನು ಇಳಿಯಬೇಕು? ಮೀನು ಮೊಟ್ಟೆಯಿಡುವ ಮುಖ್ಯ ಕಾಲದಲ್ಲಿಯೇ ದೊಡ್ಡ ಬಂದರುಗಳ ಮಾದರಿ ಬತ್ತಿಹೋಗುತ್ತದೆ. ರಜೆಯಿಂದ ಮೀನಿಗೆ ಒಳ್ಳೆಯದಾಯಿತೇ ಎಂದು ತಿಳಿಯಲು ಬೇಕಾದ ಸಾಕ್ಷಿಯನ್ನು ರಜೆಯೇ ಅಳಿಸಿಹಾಕುತ್ತದೆ.

ಪೂರ್ತಿಯಾಗಿ ಅಲ್ಲ. ಮಳೆಗಾಲದಲ್ಲೂ ಕಡಲಿಗೆ ಇಳಿಯಲು ಕಾನೂನಿನ ಅನುಮತಿಯಿರುವ ಒಂದು ವರ್ಗವಿದೆ: ನಾಡದೋಣಿಯವರು. ತೂಫಾನಿನ ಬಿಡುವು ನೋಡಿಕೊಂಡು, ಅಳಿವೆಯ ಬಾಯಲ್ಲಿ ಜೀವ ಕೈಯಲ್ಲಿ ಹಿಡಿದು ಹೊರಡುವ ಇವರು ತರುವ ಬುಟ್ಟಿಗಳಲ್ಲಿ ಆ ಎರಡು ತಿಂಗಳ ಕಡಲಿನ ಸಾಕ್ಷ್ಯವಿರುತ್ತದೆ. ದಡದಲ್ಲಿ ಆ ಬುಟ್ಟಿಗಳನ್ನು ಎದುರುಗೊಳ್ಳುವವರು ಅವರ ಮನೆಯ ಹೆಂಗಸರು. ಮೀನು ಮಾರುವುದು, ಕೇಳಿದವರಿಗೆ ಕೊಯ್ದು ಕೊಡುವುದು ಅವರ ಕಸುಬು. ಮೆಟ್ಟುಕತ್ತಿಯ ಮುಂದೆ ಕುಳಿತ ಒಬ್ಬಾಕೆ ಒಂದು ಬೆಳಗಿನಲ್ಲಿ ಕೊಯ್ಯುವಷ್ಟು ಮೀನುಗಳ ಹೊಟ್ಟೆಯನ್ನು ಪ್ರಯೋಗಾಲಯದ ವಿದ್ಯಾರ್ಥಿ ವಾರದಲ್ಲೂ ನೋಡಲಾರ.

ಅವಳ ಕೈಗೆ ತಿಳಿದಿರುವುದನ್ನೇ ವಿಜ್ಞಾನ ಹಂತಗಳಾಗಿ ವಿಂಗಡಿಸಿದೆ. ಎಳೆಯ ಮೀನಿನಲ್ಲಿ ಅಂಡಾಶಯ ನೂಲಿನೆಳೆಯಂತೆ ಸಪೂರ, ಪಾರದರ್ಶಕ. ಬಸಿರು ಕಟ್ಟಿದಂತೆ ಅದು ಹಳದಿಗೆ ತಿರುಗಿ, ಒಳಗೆ ರವೆಯಂತೆ ಕಾಳುಗಳು ಕಾಣತೊಡಗುತ್ತವೆ. ತುಂಬಿದಾಗ ಹೊಟ್ಟೆಯ ಬಹುಭಾಗವನ್ನು ಅದೇ ಆಕ್ರಮಿಸುತ್ತದೆ. ಬೆರಳಲ್ಲಿ ಒತ್ತಿದರೆ ಗಾಜಿನ ಮಣಿಯಂಥ ಮೊಟ್ಟೆಗಳು ಹೊರಗೆ ಹರಿಯುತ್ತವೆ. ಮೊಟ್ಟೆಯಿಟ್ಟಾದ ಮೇಲೆ ಅದೇ ಚೀಲ ಖಾಲಿಯಾಗಿ, ಸಡಿಲಾಗಿ, ರಕ್ತಗೆಂಪಾಗಿ ಜೋತುಬೀಳುತ್ತದೆ. ಈ ನಾಲ್ಕು ಸ್ಥಿತಿಗಳನ್ನು ಗುರುತಿಸಲು ಪದವಿ ಬೇಡ. ಇಂದು ಕೊಯ್ದ ಐವತ್ತು ಬೂತಾಯಿಗಳಲ್ಲಿ ಎಷ್ಟು ತುಂಬಿದ್ದವು, ಎಷ್ಟು ಖಾಲಿಯಾಗಿದ್ದವು ಎಂದು ಗೀರು ಹಾಕುವ ಒಂದು ಹಾಳೆ, ಉದ್ದ ಅಳೆಯಲು ಒಂದು ಅಳತೆಪಟ್ಟಿ, ಆಕೆಯ ಅರ್ಧ ಗಂಟೆಗೆ ನ್ಯಾಯವಾದ ಸಂಬಳ, ಇಷ್ಟು ಸಾಕು. ಉಳ್ಳಾಲ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರಗಳಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಇದನ್ನು ನಡೆಸಿದರೆ, ತುಂಬಿದ ಹೊಟ್ಟೆಗಳು ಖಾಲಿಯಾಗುವ ವಾರ ಯಾವುದು ಎಂದು ಇಡೀ ತೀರಕ್ಕೆ ತಿಳಿಯುತ್ತದೆ. ನಮ್ಮ ವ್ಯವಸ್ಥೆ ಆಕೆಯನ್ನು ಇದುವರೆಗೆ ಮೀನು ಮಾರುವವಳು ಎಂದಷ್ಟೇ ಕಂಡಿದೆ. ಮೇಲೆ ನಾನು ಹೇಳಿದ ಸೂಲಗಿತ್ತಿ ಆಕೆಯೇ.

ಇನ್ನು ಬೀಗ ತೆಗೆದ ಮರುದಿನದ ಮಾತು. 61 ದಿನ ಸಾಲ ತೆಗೆದು ಕುಳಿತ ಬೋಟು ಮಾಲೀಕನಿಗೂ ತಂಡೇಲನಿಗೂ ಮೊದಲ ವಾರಗಳ ಹಿಡಿತವೇ ಉಸಿರು. ಆದರೆ ಜುಲೈನಲ್ಲಿ ಹುಟ್ಟಿದ ಮರಿ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬೆರಳುದ್ದವೂ ಇರುವುದಿಲ್ಲ. ತಾಯಿಯನ್ನು ಎರಡು ತಿಂಗಳು ಕಾಪಾಡಿ ಮಗುವನ್ನು ಮೂರನೆಯ ತಿಂಗಳಿಗೆ ಬಲೆಗೆ ಕೊಡುವ ರಕ್ಷಣೆ ಇದು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬಂತೆ ಕನಿಷ್ಠ ಗಾತ್ರ ಗೊತ್ತುಮಾಡಿ, ಅದಕ್ಕಿಂತ ಸಣ್ಣದನ್ನು ಹಿಡಿದರೆ ದಂಡ ಹಾಕುವ ಕ್ರಮವನ್ನು ಕೇರಳ 2015ರಲ್ಲಿ ಆರಂಭಿಸಿ ಮುಂದೆ 58 ಜಾತಿಗಳಿಗೆ ವಿಸ್ತರಿಸಿತು. ದಿನಗಳ ಲೆಕ್ಕದಲ್ಲಿ ನಮಗಿಂತ ಹಿಂದಿರುವ ಆ ರಾಜ್ಯ ಮರಿಗಳ ಲೆಕ್ಕದಲ್ಲಿ ಮುಂದಾಳಾಯಿತು. ದಿನ ಎಣಿಸುವುದನ್ನೇ ಸಾಧನೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಮರಿಗಳು ಹೋಗುವುದಾದರೂ ಎಲ್ಲಿಗೆ? ಊಟದ ತಟ್ಟೆಗೆ ಬಾರದ ಪುಡಿಮೀನಿಗೆ ನಮ್ಮ ಕರಾವಳಿಯಲ್ಲಿ ಸಿದ್ಧ ಗಿರಾಕಿ ಫಿಶ್‌ಮಿಲ್. ಉಳ್ಳಾಲದ ಕೋಟೆಪುರದ ಗಾಳಿಯನ್ನು ಒಮ್ಮೆ ಉಸಿರಾಡಿದವರಿಗೆ ಇದರ ವಿವರಣೆ ಬೇಕಿಲ್ಲ. ಮೀನು ಅಲ್ಲಿ ಹುಡಿಯಾಗುತ್ತದೆ, ಎಣ್ಣೆಯಾಗುತ್ತದೆ; ಹುಡಿ ಸಾಕಾಣಿಕೆಯ ಸಿಗಡಿಗೂ ಮೀನಿಗೂ ಮೇವಾಗುತ್ತದೆ. ಅಂಥ ಕೊಳಗಳ ಭಾರತೀಯ ಸಿಗಡಿ ಈ ದೇಶದ ಸೂಪರ್‌ಮಾರ್ಕೆಟ್ಟಿನ ಶೀತಪೆಟ್ಟಿಗೆಗಳಿಗೂ ಬರುತ್ತದೆ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವಾಣಿಜ್ಯ ಒಪ್ಪಂದ ಅದರ ಮೇಲಿನ ಸುಂಕವನ್ನೂ ತೆಗೆಯುವಂಥದ್ದು. ನಮ್ಮ ಮನೆಯ ಸಿಗಡಿ ಗಸಿಯ ಹಿಂದೆ, ಮೊಟ್ಟೆಯೊಡೆದು ಮೂರು ತಿಂಗಳಾಗದ ಬೂತಾಯಿಯೊಂದು ಇರಬಹುದು. ಹಾಗಾಗಿ ದೂರದ ಊರಿನ ವಿಷಯ ಎಂಬ ಮಾತು ನಮಗೆ ಒಪ್ಪುವುದಿಲ್ಲ.

ಕಾವಲು ಎಂದರೆ ಹೇಗಿರುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಫೆಲ್ಥಮ್‌ನ ನಮ್ಮ ಬಹುತೇಕ ಮನೆಗಳಿಂದ ಕ್ರೇನ್ ನದಿಗೆ ನಡೆದೇ ಹೋಗಬಹುದು. ನದಿ ಎಂದರೆ ನಮ್ಮವರು ನಗುತ್ತಾರೆ. ನೇತ್ರಾವತಿಯನ್ನು ಕಂಡ ಕಣ್ಣಿಗೆ ಅದು ತೋಟದ ಕಾಲುವೆ. 2011ರ ಅಕ್ಟೋಬರ್ ಕೊನೆಯಲ್ಲಿ ಹೀಥ್ರೂ ಬಳಿಯ ಒಳಚರಂಡಿಯ ಅವಘಡದಿಂದ ಕೊಳಚೆ ಈ ಪುಟ್ಟ ನದಿಗೆ ನುಗ್ಗಿ ಸಾವಿರಾರು ಮೀನುಗಳು ಸತ್ತು ತೇಲಿದವು. ಆಮೇಲೆ ಏನಾಯಿತೆಂಬುದು ಮುಖ್ಯ. 2014ರಿಂದ ಸಿಟಿಜನ್ ಕ್ರೇನ್ ಎಂಬ ಯೋಜನೆಯಡಿ ಸ್ವಯಂಸೇವಕರು ತಿಂಗಳಿಗೊಮ್ಮೆ ಗೊತ್ತಾದ ಸ್ಥಳಗಳಲ್ಲಿ ನೀರಿಗಿಳಿಯುತ್ತಾರೆ, ಕಾಲಿನಿಂದ ತಳದ ಮರಳು ಕೆದಕಿ ಬಲೆಗೆ ಬಿದ್ದ ಹುಳುಮರಿಗಳನ್ನು ತಟ್ಟೆಯಲ್ಲಿ ಹರಡಿ ಜಾತಿವಾರು ಎಣಿಸುತ್ತಾರೆ, ನೀರಿನ ಮಾದರಿ ಕೊಡುತ್ತಾರೆ. ಇವರು ವಿಜ್ಞಾನಿಗಳಲ್ಲ, ನಮ್ಮ ನೆರೆಹೊರೆಯವರು. ಮಳೆಯಲ್ಲಿ ಮೊಣಕಾಲುದ್ದ ಬೂಟು ತೊಟ್ಟು ಹುಳು ಎಣಿಸುವುದು ನೋಡಲು ತಮಾಷೆಯಾಗಿ ಕಾಣಬಹುದು. ಆದರೆ ಮುಂದಿನ ಬಾರಿ ನೀರಿಗೆ ವಿಷ ಬಿದ್ದರೆ ಅದನ್ನು ಅಂಕಿಯಲ್ಲಿ ತೋರಿಸಬಲ್ಲ ನೋಟ್‌ಬುಕ್ ಅವರ ಕೈಯಲ್ಲಿದೆ.

ಈ ಕ್ರೇನ್ ಐಲ್‌ವರ್ತ್‌ನಲ್ಲಿ ಸೇರುವ ಥೇಮ್ಸ್ ನದಿಯನ್ನು 1957ರಲ್ಲಿ ಜೈವಿಕವಾಗಿ ಸತ್ತ ನದಿ ಎಂದು ಘೋಷಿಸಲಾಗಿತ್ತು. ಇಂದು ಅದರ ಉಬ್ಬರವಿಳಿತದ ಭಾಗದಲ್ಲಿ ಸ್ಮೆಲ್ಟ್ ಎಂಬ, ಸೌತೆಕಾಯಿಯ ಪರಿಮಳದ ಪುಟ್ಟ ಮೀನು ವಸಂತದ ಆರಂಭದಲ್ಲಿ ಕಡಲಿನ ಕಡೆಯಿಂದ ಬಂದು ವಾಂಡ್ಸ್‌ವರ್ತ್ ಸುತ್ತಮುತ್ತ ಮೊಟ್ಟೆಯಿಡುತ್ತದೆ. ಎಲ್ಲಿ, ಯಾವಾಗ ಎಂಬುದನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘ ಪತ್ತೆಹಚ್ಚಿದೆ. ತೀರದ ಮೀನುಮರಿಗಳನ್ನು ಎಣಿಸಲು ನಾಗರಿಕರಿಗೇ ತರಬೇತಿ ಕೊಟ್ಟಿದೆ. ಈ ಮೀನಿಗೆ ಇಲ್ಲಿ ದೊಡ್ಡ ಮಾರುಕಟ್ಟೆಯೂ ಇಲ್ಲ. ಅನ್ನ ಕೊಡದ ಮೀನಿನ ಬಸಿರನ್ನು ಒಂದು ಊರು ಇಷ್ಟು ಶ್ರದ್ಧೆಯಿಂದ ನೋಡಬಲ್ಲದಾದರೆ, ಮೂರು ಜಿಲ್ಲೆಗಳಿಗೆ ಅನ್ನ ಕೊಡುವ ಮೀನಿನ ಬಸಿರನ್ನು ನಾವೇಕೆ ಊಹೆಗೆ ಬಿಟ್ಟಿದ್ದೇವೆ?

ಬ್ರಿಟನ್ನನ್ನು ಹೊಗಳುವ ಚಟ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅವರಿಗಾಗಿ ಪೆರುವಿನ ಉದಾಹರಣೆ. ಆಂಚೊವೆಟಾ ಎಂಬ ಸಣ್ಣ ಮೀನನ್ನು ಹಿಡಿದು ಫಿಶ್‌ಮಿಲ್ ನಡೆಸುವುದರಲ್ಲಿ ಜಗತ್ತಿಗೇ ಮೊದಲಿಗ ದೇಶ ಅದು. ಶ್ರೀಮಂತ ರಾಷ್ಟ್ರವೂ ಅಲ್ಲ, ಹಸಿರು ಸಂತರ ನಾಡೂ ಅಲ್ಲ. ಆದರೂ ಅಲ್ಲಿ ಪ್ರತಿ ಹಂಗಾಮಿಗೆ ಮೊದಲು ಸರ್ಕಾರದ ಸಂಶೋಧನಾ ಹಡಗುಗಳು ಕಡಲಿಗೆ ಹೋಗಿ, ಮೀನೆಷ್ಟು, ಮರಿಯೆಷ್ಟು, ಬಸಿರೆಷ್ಟು ಎಂದು ನೋಡಿ ಬರುತ್ತವೆ. 2023ರಲ್ಲಿ ಎಲ್ ನಿನೋ ಬಿಸಿಯ ನಡುವೆ ಮರಿಗಳೇ ಹೆಚ್ಚು ಕಂಡುಬಂದಾಗ ವರ್ಷದ ಮೊದಲ ಹಂಗಾಮನ್ನೇ ರದ್ದುಪಡಿಸಿದರು. ಕೋಟ್ಯಂತರ ಡಾಲರಿನ ಉದ್ಯಮ ಕೈಕಟ್ಟಿ ಕುಳಿತಿತು. ಐಸ್‌ಲ್ಯಾಂಡಿನಲ್ಲಿ 1970ರ ದಶಕದಿಂದಲೇ ಇನ್ನೊಂದು ಕ್ರಮವಿದೆ: ಹಿಡಿತದಲ್ಲಿ ಮರಿಗಳ ಪ್ರಮಾಣ ಮಿತಿ ಮೀರಿದೆ ಎಂದು ತನಿಖೆಯಲ್ಲಿ ಕಂಡರೆ ಆ ಕಡಲ ತುಂಡನ್ನು ಆಗಿಂದಾಗಲೇ ಕೆಲವು ಕಾಲ ಮುಚ್ಚುತ್ತಾರೆ. ಬೀಗವನ್ನು ಕಣ್ಣು ಹೇಳಿದ ಕಡೆ, ಕಣ್ಣು ಹೇಳಿದ ದಿನ ಹಾಕುವ ವಿಧಾನ ಇದು.

ಇನ್ನು ಕರಾವಳಿಯ ಬಂಧುಗಳ ಆಕ್ಷೇಪ, ಇದೇ ಅತ್ಯಂತ ಗಂಭೀರವಾದದ್ದು. ಈಗಿರುವ 61 ದಿನಗಳೇ ಬಡವರ ಬೆನ್ನು ಮುರಿಯುತ್ತಿವೆ, ನಿಮ್ಮ ಕಾವಲು ಬಂದರೆ ದಿನಗಳು ಇನ್ನಷ್ಟು ಹೆಚ್ಚುತ್ತವೆ ಎನ್ನುತ್ತಾರೆ. ಅವರ ಭಯಕ್ಕೆ ಕಾರಣವಿದೆ. ದುಡಿಮೆಯಿಲ್ಲದ ತಿಂಗಳುಗಳಿಗೆಂದು ಇರುವ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರನಿಗೆ ಸಿಗುವುದು ಒಟ್ಟು 4,500 ರೂಪಾಯಿ. ಅದರಲ್ಲೂ 1,500 ಅವನೇ ಕಟ್ಟಿದ ಹಣ. ಲಂಡನ್ನಿನ ಒಂದು ಸಂಜೆಯ ಊಟಕ್ಕೆ ಇಬ್ಬರು ತೆರುವ ಮೊತ್ತದಲ್ಲಿ ಮೂರು ತಿಂಗಳು ಸಂಸಾರ ನಡೆಸೆನ್ನುವ ಸರ್ಕಾರ ಮೀನಿನ ಬಾಣಂತನದ ಬಗ್ಗೆ ಮಾತನಾಡುವುದೇ ಒಂದು ವಿಡಂಬನೆ. ನನ್ನ ವಾದ ಹೆಚ್ಚು ದಿನಗಳದ್ದಲ್ಲ, ಸರಿಯಾದ ದಿನಗಳದ್ದು. ಲೆಕ್ಕ ಇಟ್ಟರೆ ಕೆಲವು ವರ್ಷ ಬೀಗ ಬೇಗ ತೆರೆಯಲೂಬಹುದು. ಲೆಕ್ಕವಿಲ್ಲದ ನಿಷೇಧದಲ್ಲಿ ಮೀನುಗಾರ ತ್ಯಾಗ ಮಾಡುತ್ತಾನೆ, ಅದರ ಫಲವನ್ನು ಅವನಿಗೆ ತೋರಿಸುವವರಿಲ್ಲ. ಕತ್ತಲಲ್ಲಿ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ 2017ರ ನವೆಂಬರಿನಲ್ಲಿ ನಿಷೇಧಿಸಿದರೂ ಆ ಜಗಳ ನಮ್ಮ ಬಂದರುಗಳಲ್ಲಿ ಮುಗಿದಿಲ್ಲ. ಕಣ್ಣಾರೆ ಕಂಡ ಪುರಾವೆಯಿಲ್ಲದ ನಿಯಮ ಯಾರ ಮನಸ್ಸಿನಲ್ಲೂ ಬೇರೂರದು.

ಹಿರಿಯರ ಸಂಪ್ರದಾಯವೇ ಸಾಕಲ್ಲವೇ ಎಂಬುದು ಮತ್ತೊಂದು ಮಾತು. ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವುದನ್ನು ನಾನೂ ಗೌರವಿಸುತ್ತೇನೆ. ಆದರೆ ಆ ಹುಣ್ಣಿಮೆ ಬಹುತೇಕ ವರ್ಷ ಆಗಸ್ಟಿನೊಳಗೆ ಬರುತ್ತದೆ; ಸರ್ಕಾರದ ಬೀಗ ಅದಕ್ಕೆ ಕಾಯದೆ ತೆರೆದುಕೊಳ್ಳುತ್ತದೆ. ಜೊತೆಗೆ ಆ ಸಂಪ್ರದಾಯ ಹುಟ್ಟಿದ ಕಾಲದಲ್ಲಿ ಇದ್ದದ್ದು ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂದ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬಲೆ ಬದಲಾಗಿ, ಎಂಜಿನ್ ಬದಲಾಗಿ, ಕಡಲಿನ ಬಿಸಿಯೂ ಬದಲಾದ ಮೇಲೆ ಸಂಪ್ರದಾಯದ ಹೆಸರಿನಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಹಿರಿಯರಿಗೆ ಸಲ್ಲಿಸುವ ಗೌರವವಲ್ಲ. ಗಾಳಿಯ ದಿಕ್ಕು, ನೀರಿನ ಬಣ್ಣ, ಹಕ್ಕಿಯ ಹಾರಾಟ ನೋಡಿ ಬಲೆ ಬೀಸಿದವರು ಅವರು. ನೋಡುವುದೇ ಅವರ ಸಂಪ್ರದಾಯವಾಗಿತ್ತು.

ನಾವು ಮಾಡಬಹುದಾದದ್ದು ಏನು? ನಮ್ಮ ಸಂಘ ಪ್ರತಿವರ್ಷ ತಾಯ್ನಾಡಿಗೆಂದು ಹಣ ಸಂಗ್ರಹಿಸುತ್ತದೆ. ದೇವಸ್ಥಾನದ ಸುತ್ತುಪೌಳಿಗೆ, ಶಾಲೆಯ ಕೊಠಡಿಗೆ, ದಾನಿಗಳ ಹೆಸರು ಕೊರೆದ ಶಿಲಾಫಲಕಕ್ಕೆ ಕೊಟ್ಟಿದ್ದೇವೆ. ಶಿಲಾಫಲಕದ ಬಗ್ಗೆ ನನಗೆ ತಕರಾರಿದೆ, ಆದರೆ ಅದು ಇನ್ನೊಂದು ಲೇಖನಕ್ಕಿರಲಿ. ಈ ಬಾರಿ ಆ ಹಣದ ಒಂದು ಪಾಲನ್ನು, ಮೇಲೆ ಹೇಳಿದ ಊರುಗಳಲ್ಲಿ ಒಂದರಲ್ಲಿ, ಮೂರು ತಿಂಗಳು ಮೀನಿನ ಹೊಟ್ಟೆ ನೋಡಿ ಗೀರು ಹಾಕುವ ಹತ್ತು ಮಂದಿ ಹೆಂಗಸರ ಸಂಬಳಕ್ಕೆ ಮೀಸಲಿಡಬೇಕೆಂದು ಪ್ರಸ್ತಾಪಿಸುತ್ತೇನೆ. ಹಾಳೆ ಕನ್ನಡದಲ್ಲಿರಲಿ. ಹಾಳೆಯ ಪ್ರತಿ ಸಂಶೋಧನಾ ಕೇಂದ್ರಕ್ಕೂ ಹೋಗಲಿ, ದಕ್ಕೆಯ ಗೋಡೆಯ ಮೇಲೂ ಅಂಟಲಿ. ಎರಡನೆಯದಾಗಿ, ಪ್ರತಿವರ್ಷ ಜುಲೈ ಕೊನೆಯ ವಾರ ಆ ಸಾಲಿನ ಮೊಟ್ಟೆ ಮತ್ತು ಮರಿಗಳ ಸ್ಥಿತಿಯನ್ನು ಒಂದೇ ಪುಟದಲ್ಲಿ, ತಂಡೇಲನಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಬೇಕೆಂದು ರಾಜ್ಯದ ಮೀನುಗಾರಿಕೆ ಇಲಾಖೆಗೆ ಸಂಘದಿಂದ ಪತ್ರ ಹೋಗಲಿ. ಅನಿವಾಸಿಗಳ ಪತ್ರವನ್ನು ಮಂತ್ರಿಗಳು ಓದುತ್ತಾರೆ. ಸಮ್ಮೇಳನಕ್ಕೆ ಲಂಡನ್ನಿಗೆ ಬಂದಾಗ ನಮ್ಮ ಸಭಾಂಗಣದಲ್ಲಿಯೇ ಅವರಿಗೆ ಶಾಲು ಹೊದಿಸುವುದಲ್ಲವೇ? ಅದೇ ಶಾಲಿನೊಡನೆ ಪತ್ರವನ್ನೂ ಕೊಡಬಹುದು.

ಮೀನು ತಿನ್ನುವವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ಹೌನ್ಸ್‌ಲೋ, ಸೌತಾಲ್‌ಗಳ ಅಂಗಡಿಯ ಶೀತಪೆಟ್ಟಿಗೆಯಲ್ಲಿ ಬಂಗುಡೆಯನ್ನು ಎತ್ತಿಕೊಳ್ಳುವಾಗ ಅಂಗೈಗೆ ಹಿಡಿದು ನೋಡಿ. 14 ಸೆಂಟಿಮೀಟರ್ ಎಂದರೆ ಮಣಿಕಟ್ಟಿನಿಂದ ನಡುಬೆರಳಿನ ತುದಿಗಿಂತ ಸ್ವಲ್ಪ ಕಡಿಮೆ. ಅಷ್ಟೂ ಇಲ್ಲದ ಮೀನು ಕಂಡರೆ ಕೊಳ್ಳಬೇಡಿ, ಏಕೆ ಕೊಳ್ಳುತ್ತಿಲ್ಲ ಎಂದು ಅಂಗಡಿಯವರಿಗೆ ಹೇಳಿ. ಈ ದೇಶದ ಕಡಲಲ್ಲಿ ಹಿಡಿದ ಸೀಬಾಸ್‌ಗೆ 42 ಸೆಂಟಿಮೀಟರ್ ಮಿತಿಯಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಗಾಳ ಹಾಕಲು ಕಲಿಸುವ ತಂದೆಯಂದಿರು ಬಲ್ಲರು. ಬಂಗುಡೆಯ ಮಿತಿಯನ್ನೂ ಅವರು ಅಷ್ಟೇ ಬಾಯಿಪಾಠವಾಗಿ ಬಲ್ಲವರಾಗಲಿ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಈ ಎರಡೂ ಪ್ರಸ್ತಾಪಗಳನ್ನು ಲಿಖಿತವಾಗಿ ಕಳುಹಿಸಿದ್ದೇನೆ. ಸುತ್ತುಪೌಳಿಯ ಹಣಕ್ಕೆ ಕೈಹಾಕುತ್ತಿದ್ದೇನೆ ಎಂದು ಈಗಾಗಲೇ ಇಬ್ಬರು ಹಿರಿಯರು ದೂರವಾಣಿಯಲ್ಲಿ ಬೇಸರ ತೋಡಿಕೊಂಡಿದ್ದಾರೆ. ಅವರೂ ಸೇರಿದಂತೆ ಎಲ್ಲರೂ ಸಭೆಗೆ ಬರಬೇಕು, ಮತ ಹಾಕಬೇಕು. ಊಟದ ಹೊಣೆ ನನ್ನದು: ಸಸ್ಯಾಹಾರಿಗಳಿಗೆ ಪತ್ರೊಡೆ, ಉಳಿದವರಿಗೆ ಕಾರ್ನ್‌ವಾಲ್ ತೀರದ ಸಾರ್ಡೀನಿನ ಪುಳಿಮುಂಚಿ. ಕೊಯ್ಯುವಾಗ ಎಷ್ಟರ ಹೊಟ್ಟೆಯಲ್ಲಿ ಮೊಟ್ಟೆಯಿತ್ತು ಎಂದು ಬರೆದಿಟ್ಟ ಹಾಳೆಯನ್ನೂ ಜೊತೆಗೆ ತರುತ್ತೇನೆ.